ಬೋರೇಗೌಡರು ಕೆರೆಗಿಳಿದ ಬೇಸಿಗೆ

ಕೊರೊನಾ ಕಾಲ ಕಳೆದು ಕಚೇರಿಗಳೆಲ್ಲ ಮಾಮೂಲಿಗೆ ಬಂದ ವರ್ಷ ನಾನು ಮದ್ದೂರು ತಾಲ್ಲೂಕಿನಲ್ಲಿ ಸಹಾಯಕ ಕೃಷಿ ನಿರ್ದೇಶಕಿಯಾಗಿದ್ದೆ. ನಿವೃತ್ತಿ ಹತ್ತಿರದಲ್ಲಿತ್ತು. ಬಿತ್ತನೆ ಬೀಜ, ಗೊಬ್ಬರ, ಬೆಳೆ ವಿಮೆಯ ಮಾಮೂಲಿ ಕೆಲಸದ ಜೊತೆಗೆ ಕಳೆಗಳ ಸಮೀಕ್ಷೆಯೂ ನನ್ನ ತಲೆಗೆ ಬಿದ್ದಿತ್ತು. ಹೊರದೇಶಗಳಿಂದ ಬಂದು ಇಲ್ಲಿನ ಗಿಡಗಳನ್ನು ತುಳಿದು ಹಬ್ಬುವ ಕಳೆಗಳಿಗೆ ನಾವು ಇನ್ವೇಸಿವ್ ಎನ್ನುತ್ತೇವೆ. ಅವು ಎಲ್ಲೆಲ್ಲಿ ಬೇರು ಬಿಟ್ಟಿವೆ ಎಂದು ನೋಡಿ ಗುರುತು ಹಾಕುವುದು ಕೆಲಸ. ಕೆರಗೋಡಿನ ಕಬ್ಬಿನ ಗದ್ದೆಗಳ ಬದುವಿನಲ್ಲಿ ಪಾರ್ಥೇನಿಯಂ, ಮಳವಳ್ಳಿ ಕಡೆ ಕಾವೇರಿಯ ನಡುಗಡ್ಡೆಗಳಲ್ಲಿ ಲಂಟಾನ, ಮಂಡ್ಯದ ಚರಂಡಿಗಳಲ್ಲಿ ಅಂತರಗಂಗೆ. ಜೀಪಿನಲ್ಲಿ, ಹರಿಗೋಲಿನಲ್ಲಿ, ಹೆಚ್ಚಿನ ಕಡೆ ಕಾಲ್ನಡಿಗೆಯಲ್ಲಿ ಎಲ್ಲವನ್ನೂ ನೋಡಿದ್ದೆ.

ಈಗ ಹೇಳುವ ಸಂಗತಿ ನಡೆದದ್ದು ಶಿಂಷಾ ನದಿಯ ಬದಿಯ ಒಂದು ಸಣ್ಣ ಊರಿನಲ್ಲಿ. ಜನರ ಹೆಸರುಗಳನ್ನು ಬದಲಿಸಿದ್ದೇನೆ. ಊರನ್ನು ಕೊಪ್ಪಲು ಎಂದಷ್ಟೇ ಕರೆಯುತ್ತೇನೆ.

ಕೊಪ್ಪಲಿನ ಕೆರೆಯಲ್ಲಿ ಮೀನು ಹಿಡಿಯುವ ಗುತ್ತಿಗೆ ಬಹಳ ವರ್ಷಗಳಿಂದ ಬೋರೇಗೌಡ ಎಂಬುವರ ಕೈಯಲ್ಲಿತ್ತು. ನಾನು ಬಹುವಚನ ಹಚ್ಚುತ್ತಿರುವುದು ಬರೀ ಅಭ್ಯಾಸಬಲ. ಊರಿನಲ್ಲಿ ಅವರಿಗೆ ಗದ್ದೆ, ತೋಟ, ಮೀನು ಸಾಕುವ ಕೃಷಿ ಹೊಂಡ ಇದ್ದವು. ಮಂಡ್ಯದ ಹೊರವಲಯದಲ್ಲಿ ಒಂದು ಆಲೆಮನೆಯೂ ಇತ್ತು. ಆ ವರ್ಷ ಪಂಚಾಯಿತಿ ಕೆರೆಯ ಗುತ್ತಿಗೆಯನ್ನು ಊರಾಚೆಯ ಕೇರಿಯ ಹೆಂಗಸರ ಸಂಘಕ್ಕೆ ಕೊಟ್ಟಿತು. ಸಂಘದ ಮುಂದಾಳು ಚಿಕ್ಕತಾಯಮ್ಮ. ನಾಟಿಗೆ, ಕಳೆಗೆ, ಕಬ್ಬು ಕಡಿಯುವುದಕ್ಕೆ ಕೂಲಿ ಹೋಗುತ್ತಿದ್ದ, ಐವತ್ತರ ಆಸುಪಾಸಿನ ಹೆಂಗಸು. ಅವರ ಗಂಡ ನಿಂಗಯ್ಯ ಊರಿಗೇ ಒಳ್ಳೆಯ ಈಜುಗಾರ. ಸಂಘದವರ ಪರವಾಗಿ ಬಲೆ ಹಾಕುವ ಕೆಲಸ ಆತನದು.

"ಆ ಕೇರಿಯೋರು ನಮ್ ಕೆರೆ ಮೀನ ಇಡ್ದು ನಂಗೇ ಮಾರೋ ಕಾಲ ಬಂತಾ?" ಎಂದು ಬೋರೇಗೌಡರು ಟೀ ಅಂಗಡಿಯಲ್ಲಿ ಕೇಳಿದ್ದನ್ನು ಊರಿನ ಅರ್ಧ ಜನ ಕೇಳಿಸಿಕೊಂಡಿದ್ದರು.

ಗಣೇಶನ ಹಬ್ಬ ಕಳೆದ ಮೇಲೆ ಕೆರೆಯ ತೂಬಿನ ಮೂಲೆಯಲ್ಲಿ ಅಂತರಗಂಗೆ ಕಾಣಿಸಿಕೊಂಡಿತು. ಗುಂಡಗಿನ ಎಲೆ, ಊದಿದ ತೊಟ್ಟು, ನೋಡುವುದಕ್ಕೆ ಚೆಂದದ ನೀಲಿ ಹೂವು. ಕೊಳೆ ಸೇರಿದ ನೀರು ಸಿಕ್ಕರೆ ಇದು ಎರಡು ವಾರದೊಳಗೇ ಎರಡರಷ್ಟಾಗಬಲ್ಲದು. ದೀಪಾವಳಿಯ ಹೊತ್ತಿಗೆ ಕೆರೆಯ ಮೇಲೆ ಹಸಿರು ಚಾಪೆ ಹಾಸಿದಂತಾಯಿತು. ಮೇಲೆ ಚಾಪೆ ಕಂಡರೂ ಕೆಳಗೆ ನೀರಿನೊಳಕ್ಕೆ ಕೂದಲಿನಂತೆ ಇಳಿಬಿದ್ದ ಬೇರುಗಳಿರುತ್ತವೆ. ಬಿಸಿಲೂ ಗಾಳಿಯೂ ಒಳಗೆ ಇಳಿಯುವುದಿಲ್ಲ. ಸಂಘದವರು ಬಿಟ್ಟಿದ್ದ ಮೀನು ಮರಿಗಳು ಹೊಟ್ಟೆ ಮೇಲಾಗಿ ತೇಲತೊಡಗಿದವು.

ಒಂದು ಬೆಳಿಗ್ಗೆ ನಿಂಗಯ್ಯನ ಬಲೆ ಆ ಬೇರುಗಳಿಗೆ ಸಿಕ್ಕಿಕೊಂಡಿತು. ಬಿಡಿಸಲು ಹರಿಗೋಲಿನಿಂದ ನೀರಿಗಿಳಿದ. ಮೇಲೆ ಬರಲು ನೋಡಿದಾಗ ನೆತ್ತಿಯ ಮೇಲೆ ಚಾಪೆ ಮುಚ್ಚಿಕೊಂಡಿತ್ತು. ಏರಿಯ ಮೇಲೆ ನಿಂತಿದ್ದ ಚಿಕ್ಕತಾಯಮ್ಮನಿಗೆ ಒಂದು ಕಡೆ ಎಲೆಗಳು ಅಲ್ಲಾಡುವುದು ಕಾಣಿಸಿತು, ಆಮೇಲೆ ಇನ್ನೊಂದು ಕಡೆ, ಆಮೇಲೆ ಎಲ್ಲೂ ಇಲ್ಲ. ಊರಿನವರು ಹಗ್ಗ ತಂದು ಹುಡುಕಿ ಎತ್ತುವ ಹೊತ್ತಿಗೆ ಎಲ್ಲ ಮುಗಿದಿತ್ತು. ಪೊಲೀಸರು ಆಕಸ್ಮಿಕ ಸಾವು ಎಂದು ಬರೆದುಕೊಂಡು ಹೋದರು.

ತಿಥಿ ಮುಗಿದ ವಾರದಲ್ಲಿ ಚಿಕ್ಕತಾಯಮ್ಮ ನನ್ನ ಕಚೇರಿಗೆ ಬಂದರು. ಅಳಲಿಲ್ಲ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಆ ಗಿಡ ತಾನಾಗೇ ಬಂದಿದ್ದಲ್ಲ ಕಣಮ್ಮ. ಯಾರೋ ತಂದು ಸುರ್ದವ್ರೆ. ಯಾರು ಅಂತ್ಲೂ ನಂಗೊತ್ತು. ನೀವು ಅದ ರುಜುವಾತು ಮಾಡ್ಕೊಡಿ, ಅಷ್ಟು ಸಾಕು."

ಅಂತರಗಂಗೆ ಹಕ್ಕಿಗಳ ಕಾಲಿಗೆ ಅಂಟಿಕೊಂಡೂ ಬರಬಹುದು, ಮೇಲಿನ ಕೆರೆಯ ಕೋಡಿ ಹರಿದೂ ಬರಬಹುದು ಎಂದು ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. "ಬಂದ್ ನೋಡಿ" ಎಂದಷ್ಟೇ ಹೇಳಿ ಬಸ್ಸಿಗೆ ಹೊರಟರು.

ಮರುದಿನ ಹೋದೆ. ಕೊಪ್ಪಲಿನ ಕೆರೆಗೆ ಮೇಲಿನಿಂದ ನೀರು ಕೊಡುವ ಎರಡು ಕೆರೆಗಳನ್ನೂ ಸುತ್ತಿದೆ. ಎರಡರಲ್ಲೂ ಒಂದು ಎಲೆ ಅಂತರಗಂಗೆ ಇರಲಿಲ್ಲ. ಹರಿದು ಬಂದದ್ದಲ್ಲ ಎಂಬುದು ಖಾತ್ರಿಯಾಯಿತು. ಆಮೇಲೆ ತೂಬಿನ ಮೂಲೆಗೆ ಬಂದೆ. ಅಲ್ಲಿ ಟ್ರ್ಯಾಕ್ಟರ್ ಇಳಿಯುವಷ್ಟು ಅಗಲದ ದಾರಿ ನೀರಿನವರೆಗೂ ಇತ್ತು. ದಡದ ಕೆಸರಿನಲ್ಲಿ ಅಂತರಗಂಗೆಯ ಜೊತೆ ಇನ್ನೊಂದು ಗಿಡ ಹರಡಿಕೊಂಡಿತ್ತು. ದೂರಕ್ಕೆ ಥೇಟ್ ಹೊನಗೊನ್ನೆ ಸೊಪ್ಪು. ನಮ್ಮ ಕಡೆ ಎಲ್ಲರೂ ಬಸ್ಸಾರಿಗೆ ಹಾಕುವ ಸೊಪ್ಪು ಅದು. ಸಂಘದ ಹೆಂಗಸರೂ ಹಾಗೆಂದೇ ತಿಳಿದಿದ್ದರು. ಒಂದು ದಂಟು ಕಿತ್ತು ಉಗುರಿನಿಂದ ಸೀಳಿದೆ. ಒಳಗೆ ಕೊಳವೆಯಂತೆ ಟೊಳ್ಳು. ಹೊನಗೊನ್ನೆಯ ಬಿಳಿ ಹೂವು ಎಲೆಯ ಬುಡಕ್ಕೆ ಅಂಟಿಕೊಂಡಿರುತ್ತದೆ. ಇದರ ಹೂವು ಉದ್ದನೆಯ ತೊಟ್ಟಿನ ತುದಿಯಲ್ಲಿ ನಿಂತಿತ್ತು.

ಇದಕ್ಕೆ ಅಲಿಗೇಟರ್ ವೀಡ್ ಎನ್ನುತ್ತಾರೆ. ದಕ್ಷಿಣ ಅಮೆರಿಕದ ಗಿಡ. ನೀರಿನಲ್ಲೂ ಬೆಳೆಯುತ್ತದೆ, ಗದ್ದೆಯಲ್ಲೂ ಬೆಳೆಯುತ್ತದೆ. ಬೆರಳುದ್ದದ ತುಂಡಿನಲ್ಲಿ ಒಂದು ಗಿಣ್ಣು ಇದ್ದರೆ ಸಾಕು, ಹೊಸ ಗಿಡವಾಗುತ್ತದೆ. ನನ್ನ ಇಡೀ ಸಮೀಕ್ಷೆಯಲ್ಲಿ, ಮೂರು ತಾಲ್ಲೂಕುಗಳ ಕೆರೆ, ಕಾಲುವೆ, ಚರಂಡಿಗಳಲ್ಲಿ, ಇದನ್ನು ನಾನು ಕಂಡದ್ದು ಒಂದೇ ಕಡೆ. ಮಂಡ್ಯದ ಹೊರವಲಯದಲ್ಲಿ, ಊರಿನ ಚರಂಡಿ ನೀರು ನಿಲ್ಲುವ ಒಂದು ಹಳ್ಳದಲ್ಲಿ. ಆ ಹಳ್ಳ ಇದ್ದದ್ದು ಬೋರೇಗೌಡರ ಆಲೆಮನೆಯ ಬೆನ್ನಿಗೆ.

ಕೆಸರಿನಲ್ಲಿ ಆ ದಂಟು ಹಿಡಿದು ನಿಂತಾಗ ನನಗಾದದ್ದು ಸಂತೋಷ. ಅದನ್ನು ಮುಚ್ಚಿಡುವುದಿಲ್ಲ. ವಿಜ್ಞಾನದ ಸಂತೋಷವೂ ಅಲ್ಲ ಅದು. ಸಿಕ್ಕಿಬಿದ್ದೆ ಮಗನೇ ಎಂಬ ಸಂತೋಷ.

ಅದೇ ವಾರ ಬೋರೇಗೌಡರು ತಾವಾಗಿಯೇ ನನ್ನ ಕಚೇರಿಗೆ ಬಂದರು. ಕೆರೆಗೆ ಕಳೆನಾಶಕ ಹೊಡೆಸಿಕೊಡುತ್ತಾರಂತೆ, ತಮ್ಮ ಖರ್ಚಿನಲ್ಲಿ.

"ಪಾಪ, ಆ ಹೆಂಗ್ಸು ಗಂಡನ್ನ ಕಳ್ಕಂಡವ್ಳೆ. ಊರ್ಗೆ ಉಪ್ಕಾರ ಆಗ್ಲಿ ಅಂತ. ನೀವೊಂದ್ ಒಪ್ಗೆ ಕೊಡಿ ಮೇಡಂ, ಒಂದೇ ದಿನ್ದಲ್ಲಿ ಮುಗಿಸ್ಬುಡ್ತೀನಿ."

ಆ ದಯೆಯ ಒಳಗುಟ್ಟು ನನಗೆ ಅರ್ಥವಾಯಿತು. ಅಷ್ಟು ದಪ್ಪದ ಚಾಪೆಗೆ ಒಟ್ಟಿಗೇ ಔಷಧಿ ಹೊಡೆದರೆ ಎಲ್ಲ ಒಮ್ಮೆಲೇ ಕೊಳೆತು ತಳ ಸೇರುತ್ತದೆ. ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ. ಉಳಿದಿದ್ದ ಮೀನೂ ಸಾಯುತ್ತದೆ. ದನ ಕುಡಿಯುವ ನೀರು ಹಾಳಾಗುತ್ತದೆ. ಸಂಘ ಗುತ್ತಿಗೆ ಬಿಟ್ಟುಕೊಡುತ್ತದೆ. ಊರಿಗೆ ಉಪಕಾರ ಮಾಡಿದವರು ಎಂದು ಮುಂದಿನ ಸಲ ಕೆರೆ ಮತ್ತೆ ಇವರಿಗೇ. ದಡದ ಸಾಕ್ಷಿಯೂ ಸುಟ್ಟು ಹೋಗುತ್ತದೆ.

"ಒಪ್ಪಿಗೆ ಕೊಡಲ್ಲ ಗೌಡ್ರೆ" ಎಂದೆ.

"ಯಾಕೆ?"

"ಆ ಕೆರೆಯ ನೀರು ಶಿಂಷಾಕ್ಕೆ ಹೋಗುತ್ತೆ. ಕೆಳಗೆ ಕೊಕ್ಕರೆ ಬೆಳ್ಳೂರಿದೆ. ಹಕ್ಕಿಗಳು ಈ ಕಡೆಯ ಕೆರೆಗಳ ಮೀನು ತಿಂದೇ ಮರಿ ಸಾಕೋದು."

"ಮನುಸ್ರಿಗಿಂತ ಕೊಕ್ಕರೆ ಎಚ್ಚಾ ನಿಮ್ಗೆ?" ನಗುತ್ತ ಎದ್ದರು. "ಜನ ನಿಮ್ಮನ್ನ ಕಳೆ ಮೇಡಂ ಅಂತ ಸುಮ್ನೆ ಕರೀತಾರಾ."

ಆ ನಗು ನನ್ನೊಳಗೆ ಮುಳ್ಳಿನಂತೆ ಉಳಿಯಿತು. ಆಲೆಮನೆಯ ಹಿಂದಿನ ಹಳ್ಳಕ್ಕೆ ಹೋಗಿ ಗಿಡದ ಮಾದರಿ ತೆಗೆದೆ. ಅಂಚಿನಲ್ಲಿ ಒಂದು ಟ್ರೈಲರ್ ತುಂಬುವಷ್ಟು ಜಾಗ ಬೋಳಾಗಿದ್ದು, ಅಲ್ಲಿ ಮಾತ್ರ ಹೊಸ ಚಿಗುರು ಬರುತ್ತಿತ್ತು. ಕೊಪ್ಪಲಿನಿಂದ ಕಬ್ಬು ತರುವ ಟ್ರ್ಯಾಕ್ಟರ್ ವಾಪಸ್ ಹೋಗುವಾಗ ಖಾಲಿ ಹೋಗುತ್ತದೆ ಎಂಬುದನ್ನು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಪಂಚಾಯಿತಿಗೆ ವರದಿ ಕೊಟ್ಟೆ. ಸಭೆ ಗೊತ್ತಾಯಿತು.

ಸಭೆಯ ಹಿಂದಿನ ದಿನ ಮಧ್ಯಾಹ್ನ ಕೊಪ್ಪಲಿನ ಕಾಲುವೆ ಏರಿಯ ಮೇಲೆ ಜೀಪಿನಲ್ಲಿ ಬರುತ್ತಿದ್ದೆ. ಎದುರಿಗೆ ಚಿಕ್ಕತಾಯಮ್ಮ ತಲೆಯ ಮೇಲೆ ಮಂಕರಿ ಹೊತ್ತು ಬಿರಬಿರನೆ ನಡೆದು ಬರುತ್ತಿದ್ದರು. ಮಂಕರಿಯಿಂದ ನೀರು ತೊಟ್ಟಿಕ್ಕಿ ಸೆರಗೆಲ್ಲ ನೆನೆದಿತ್ತು. ಜೀಪು ನಿಲ್ಲಿಸಿ ಇಳಿದು ನೋಡಿದೆ. ಮಂಕರಿಯ ತುಂಬ ಅಲಿಗೇಟರ್ ವೀಡ್.

"ಎಲ್ಲಿಗೆ?"

"ಅವ್ನ್ ಹೊಂಡಕ್ಕೆ." ನಿಲ್ಲದೆ ನನ್ನನ್ನು ದಾಟಿ ಹೊರಟರು. "ಅವ್ನು ನಂಗ್ ಕೊಟ್ಟಿದ್ದ ಅವ್ನಿಗೇ ವಾಪಸ್ ಕೊಟ್ ಬತ್ತೀನಿ. ನೀವ್ ನೋಡೇ ಇಲ್ಲ ಅಂದ್ಕಂಡು ಓಗಿ."

ಓಡಿ ಹೋಗಿ ಮುಂದೆ ನಿಂತೆ. "ಹೊಂಡದ ನೀರು ಈ ಕಾಲುವೆಗೆ ಬರುತ್ತೆ ಚಿಕ್ಕತಾಯಮ್ಮ. ಕಾಲುವೆಯಿಂದ ಕೆಳಗಿನ ಗದ್ದೆಗಳಿಗೆಲ್ಲ ಹೋಗುತ್ತೆ. ಒಂದು ಸಲ ಗದ್ದೆಗೆ ಇಳಿದರೆ ಈ ಗಿಡವನ್ನು ಯಾರೂ ಹಿಡಿಯೋಕಾಗಲ್ಲ."

"ಓಗ್ಲಿ! ನಮ್ಮೋರ್ದು ಗದ್ದೆ ಎಲ್ಲೈತೆ ಅಲ್ಲಿ? ಎಲ್ಲಾ ಅವ್ರದೇ. ನಿಂಗಯ್ಯ ಸತ್ತಾಗ ಯಾವ್ ಗದ್ದೆಯೋನು ಬಂದು ಕೇಳ್ದ?"

ಅವರು ಹೇಳಿದ್ದು ನಿಜವಾಗಿತ್ತು. ನದಿ, ಹಕ್ಕಿ, ನಡುಗಡ್ಡೆ ಎಂದು ತರಬೇತಿಯಲ್ಲಿ ಹೇಳುವ ಮಾತು ಆ ಹೆಂಗಸಿನ ಮುಂದೆ ಹೇಳಲು ನಾಲಗೆ ಏಳಲಿಲ್ಲ. ಹೊಳೆದದ್ದನ್ನು ಕೇಳಿದೆ.

"ಆ ಗದ್ದೆಗಳಲ್ಲಿ ಕಳೆ ಕೀಳೋರು ಯಾರು?"

ನನ್ನನ್ನು ಬಳಸಿ ಮುಂದೆ ಹೊರಟಿದ್ದವರು ನಿಂತರು.

"ಗೌಡ್ರು ಬಗ್ಗಿ ಕೀಳ್ತಾರಾ? ಕೂಲಿಗೆ ನೀವೇ ಹೋಗಬೇಕು. ನಿಮ್ಮ ಸೊಂಟಾನೇ ಬೀಳಬೇಕು. ಇದನ್ನು ಇಲ್ಲಿ ಸುರಿದರೆ ಸಾಯೋವರೆಗೂ ಕೀಳ್ತಾ ಇರಬೇಕಾದೋರು ನಿಮ್ಮ ಕೇರಿಯೋರು."

ಚಿಕ್ಕತಾಯಮ್ಮ ಮಂಕರಿಯನ್ನು ಮೆಲ್ಲಗೆ ಇಳಿಸಿ ಜೀಪಿನ ಹಿಂಬದಿಗೆ ಇಟ್ಟರು. ಏರಿಯ ಮೇಲೆ ಬಿದ್ದಿದ್ದ ಎರಡು ದಂಟನ್ನೂ ಆರಿಸಿ ಅದಕ್ಕೇ ಹಾಕಿದರು.

"ಅಂಗಾದ್ರೆ ಅವ್ನ್ ಕೈಲೇ ಕೀಳ್ಸಬೇಕು" ಎಂದರು. ಗಂಡ ತೀರಿಕೊಂಡ ಮೇಲೆ ಅವರ ದನಿಯಲ್ಲಿ ಜೀವ ಇದ್ದದ್ದು ನಾನು ಅಂದೇ ಕೇಳಿದ್ದು.

ಸಭೆಗೆ ಊರೇ ಬಂದಿತ್ತು. ಮೇಜಿನ ಮೇಲೆ ಮೂರು ಗಿಡ ಇಟ್ಟೆ. ಹೊನಗೊನ್ನೆ, ಕೆರೆಯ ದಡದ್ದು, ಆಲೆಮನೆಯ ಹಿಂದಿನ ಹಳ್ಳದ್ದು. ದಂಟು ಸೀಳಿ ತೋರಿಸಿದೆ. ಈ ಗಿಡ ಜಿಲ್ಲೆಯಲ್ಲಿ ಇದುವರೆಗೆ ನನಗೆ ಕಂಡಿರುವುದು ಯಾವ ಹಳ್ಳದಲ್ಲಿ ಎಂದು ಹೇಳಿದೆ.

ಬೋರೇಗೌಡರು ಜೋರಾಗಿ ನಕ್ಕರು. "ಸೊಪ್ಪು ತೋರ್ಸಿ ನನ್ನ ಜೈಲ್ಗೆ ಕಳಿಸ್ತೀರಾ ಮೇಡಂ? ಅದೇನು ನನ್ ಎಸ್ರು ಯೋಳ್ತಾ?"

"ನಿಮ್ಮ ಹೆಸರು ನಾನು ಎತ್ತಿಲ್ಲ ಗೌಡ್ರೆ. ಗಿಡದ ಊರು ಯಾವುದು ಅಂತಷ್ಟೇ ಹೇಳಿದೆ. ಅದನ್ನು ಹೊತ್ತು ತಂದ ಟ್ರೈಲರ್ ಯಾವುದು ಅಂತ ಇಲ್ಲಿ ಯಾರಿಗಾದರೂ ಗೊತ್ತಿರಬೇಕು."

ಬಾಗಿಲ ಬಳಿ ಬೋರೇಗೌಡರ ಟ್ರ್ಯಾಕ್ಟರ್ ಓಡಿಸುವ ಮಾದೇಶ ನಿಂತಿದ್ದ. ನಲವತ್ತು ದಾಟಿದ ಗಟ್ಟಿ ಆಳು. ಅವನ ಕಣ್ಣು ಮೇಜಿನ ಮೇಲಿದ್ದ ಗಿಡದ ಮೇಲೆ ನೆಟ್ಟಿತ್ತು. ಚಿಕ್ಕತಾಯಮ್ಮ ಎದ್ದು ಅವನ ಮುಂದೆ ಹೋಗಿ ನಿಂತರು.

"ಮಾದೇಸ, ನಿಂಗೆ ಈಜು ಕಲ್ಸಿದ್ದು ಯಾರ್ಲಾ?"

ಮಾದೇಶನ ಮುಖ ಕಿವುಚಿಕೊಂಡಿತು. "ನಿಂಗಯ್ಯಣ್ಣ" ಎಂದ. ಆಮೇಲೆ ಗೋಡೆಗೆ ಒರಗಿ, ಯಾರನ್ನೂ ನೋಡದೆ ಹೇಳಿದ. "ನಾನೇ ತಂದ್ ಸುರ್ದಿದ್ದು. ಗೌಡ್ರು ಯೋಳಿದ್ರು. ಮೀನು ಆಗ್ಬಾರ್ದು ಅಂತ ಅಷ್ಟೇ ಅಂದಿದ್ರು. ಇಂಗಾಯ್ತದೆ ಅಂತ ಅಮ್ಮನಾಣೆಗೂ ಗೊತ್ತಿರ್ಲಿಲ್ಲ ಕಣಕ್ಕ."

"ಲೇ, ಬಾಯ್ ಮುಚ್ಲಾ!" ಎಂದು ಬೋರೇಗೌಡರು ಕೂಗಿದ್ದೇ ಅವರ ಒಪ್ಪಿಗೆಯಾಯಿತು. ಅವರ ಅಕ್ಕಪಕ್ಕ ಕೂತಿದ್ದವರು ತಮ್ಮ ಕುರ್ಚಿಗಳನ್ನು ಸ್ವಲ್ಪ ಸರಿಸಿಕೊಂಡರು.

ಕೆರೆ ಕೆಡಿಸಿದ್ದಕ್ಕೆ ಪೊಲೀಸ್ ದೂರು ಕೊಡಬೇಕೆಂದು ಪಂಚಾಯಿತಿ ಹೊರಟಿತು. ಸಾವನ್ನು ಅದಕ್ಕೆ ಜೋಡಿಸಿ ಸಾಬೀತು ಮಾಡುವುದು ಬಹಳ ಕಷ್ಟ ಎಂದು ಸಭೆಯಲ್ಲಿದ್ದ ವಕೀಲರು ಮೊದಲೇ ಹೇಳಿದರು. ಗೌಡರ ಕಡೆಯವರು ಚಿಕ್ಕತಾಯಮ್ಮನ ಬಳಿ ಬಂದು ಪರಿಹಾರದ ಮಾತು ತೆಗೆದರು. ಆಕೆ ಆ ಮಾತನ್ನು ಪೂರ್ತಿ ಕೇಳಲೂ ಇಲ್ಲ.

"ದುಡ್ಡು ನಿಮ್ಮನೇಲೇ ಇರ್ಲಿ. ಕೆರೆ ಚೊಕ್ಕಟ ಆಗ್ಬೇಕು. ಆಳು ಇಡಂಗಿಲ್ಲ, ಮಿಸಿನ್ನು ತರಂಗಿಲ್ಲ. ಗೌಡ್ರೇ ಇಳೀಬೇಕು. ನನ್ ಗಂಡ ಇಳ್ದ ಜಾಗ್ದಿಂದ್ಲೇ ಸುರು ಮಾಡ್ಬೇಕು. ಆಗಲ್ಲ ಅಂದ್ರೆ ಈಗ್ಲೇ ಯೋಳ್ಬುಡಿ, ಟೇಸನ್ಗೆ ಓಯ್ತೀನಿ. ನನ್ ಜಾತಿ ಎಸ್ರಿಡ್ದು ಟೀ ಅಂಗ್ಡೀಲಿ ಏನೇನಂದ್ರಿ ಅನ್ನೋದ್ನೂ ಬರಿಸ್ತೀನಿ."

ಬೋರೇಗೌಡರು ಒಪ್ಪಿದರು, ಪಂಚಾಯಿತಿಯೂ ದೂರನ್ನು ತಡೆಹಿಡಿಯಿತು. ಗೌಡರು ಇದನ್ನು ಒಂದೆರಡು ದಿನದ ನಾಟಕ ಎಂದುಕೊಂಡಿರಬೇಕು. ಮೊದಲ ದಿನ ಕೂಲಿಯಾಳುಗಳನ್ನು ಕಳಿಸಿದರು. ಚಿಕ್ಕತಾಯಮ್ಮ ಅವರನ್ನು ಏರಿಯಿಂದಲೇ ವಾಪಸ್ ಕಳಿಸಿದರು. ಮರುದಿನ ಗೌಡರೇ ಬಂದರು.

ಕೆಲಸದ ಕ್ರಮ ಗೊತ್ತುಮಾಡಿದ್ದು ನಾನು. ಮತ್ತೆ ಯಾರೂ ಮುಳುಗಬಾರದೆಂದು ಸೊಂಟಕ್ಕೆ ಹಗ್ಗ, ಎದೆಗೆ ಲೈಫ್ ಜಾಕೆಟ್, ಸೊಂಟದ ಮಟ್ಟಕ್ಕಿಂತ ಆಳಕ್ಕೆ ಹೋಗುವಂತಿಲ್ಲ. ಬೇಸಿಗೆಯಲ್ಲಿ ನೀರು ಇಳಿದಂತೆಲ್ಲ ಒಳಗೊಳಗೆ ಹೋಗುವುದು. ತೂಬಿಗೆ, ಕೋಡಿಗೆ ಬಲೆ ಕಟ್ಟಿದ್ದೆವು, ಒಂದು ತುಂಡೂ ಕೆಳಕ್ಕೆ ಹರಿಯದಂತೆ. ಅಂತರಗಂಗೆಯನ್ನು ದಡಕ್ಕೆ ಎಳೆದು ಏರಿಯಾಚೆ ಒಣಗಿಸಬೇಕು. ಅಲಿಗೇಟರ್ ವೀಡನ್ನು ಬೇರಿನ ಸಮೇತ ಕೈಯಲ್ಲೇ ಕೆದಕಿ ತೆಗೆದು, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಬಿಸಿಲಲ್ಲಿ ಕೊಳೆಸಿ, ಆಮೇಲೆ ಸುಡಬೇಕು. ಹಗ್ಗದ ಇನ್ನೊಂದು ತುದಿ ಹಿಡಿಯುತ್ತಿದ್ದವನು ಮಾದೇಶ. ಅವನು ತಾನಾಗಿಯೇ ಕೆಲಸ ಬಿಟ್ಟು ಬಂದಿದ್ದ.

ಚಿಕ್ಕತಾಯಮ್ಮ ದಿನವೂ ಏರಿಯ ಮೇಲೆ ಬಂದು ಕೂರುತ್ತಿದ್ದರು. ತಲೆಯ ಮೇಲೆ ಸೆರಗು, ಪಕ್ಕದಲ್ಲಿ ನೀರಿನ ಚೊಂಬು. ಗೌಡರು ಒಂದು ದಂಟು ಬಿಟ್ಟು ಮುಂದೆ ಸರಿದರೆ ಮಾತ್ರ ಬೆರಳು ಎತ್ತಿ ತೋರಿಸುತ್ತಿದ್ದರು. "ಅಲ್ಲೊಂದೈತೆ." ಗೌಡರು ವಾಪಸ್ ಬಂದು ಬಗ್ಗಬೇಕು. ದಾರಿಯಲ್ಲಿ ಹೋಗುವ ಬಸ್ಸುಗಳು ಏರಿಯ ಬಳಿ ನಿಧಾನವಾಗತೊಡಗಿದವು. ಮದ್ದೂರಿನಿಂದ, ಮಳವಳ್ಳಿಯಿಂದ ಜನ ನೋಡಲು ಬಂದರು. ಕೆಸರು ನೀರಿಗೆ ಗೌಡರ ಕಾಲುಗಳು ಬೆಳ್ಳಗೆ ನೆನೆದು ಬಿರುಕು ಬಿಟ್ಟವು. ಕಚೇರಿಯಿಂದ ಮುಲಾಮು ಕಳಿಸಿದೆ. ಆದರೆ ಹೋಗಿ ನೋಡಿದಾಗ ಒಮ್ಮೆಯೂ ನನಗೆ ಅಯ್ಯೋ ಎನ್ನಿಸಲಿಲ್ಲ.

ಕೆರೆಯ ಅರ್ಧ ಬಯಲಾದ ಹೊತ್ತಿಗೆ, ಒಂದು ಮಟಮಟ ಮಧ್ಯಾಹ್ನ, ಗೌಡರು ದಡಕ್ಕೆ ಬಂದು ಚಿಕ್ಕತಾಯಮ್ಮನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ನಾನು ಅಲ್ಲೇ ಇದ್ದೆ.

"ತಪ್ಪಾಯ್ತು ಕಣಮ್ಮ. ಸಾಯ್ಲಿ ಅಂತ ಮಾಡ್ಲಿಲ್ಲ. ಇನ್ನಾದ್ರೂ ಬುಟ್ಬುಡು."

ಊರಿನವರೆಲ್ಲ ಆಕೆ ಈಗ ಕರಗುತ್ತಾಳೆ ಎಂದು ಕಾದರು. ನನಗೂ ಹಾಗೇ ಅನ್ನಿಸಿತ್ತು. ಚಿಕ್ಕತಾಯಮ್ಮ ಚೊಂಬಿನ ನೀರನ್ನು ಅವರ ಕಡೆ ಸರಿಸಿದರು. ಗೌಡರು ಆ ಚೊಂಬನ್ನೇ ಒಂದು ಗಳಿಗೆ ನೋಡಿದರು, ಆಮೇಲೆ ಎತ್ತಿ ಕುಡಿದರು. ಕೇರಿಯ ನೀರು ಅವರ ಗಂಟಲಿಗಿಳಿದದ್ದು ಅದೇ ಮೊದಲಿರಬೇಕು.

"ಕುಡುದ್ರಾ?" ಎಂದರು ಚಿಕ್ಕತಾಯಮ್ಮ. "ಏಳಿ ಮತ್ತೆ. ಅರ್ಧ ಕೆರೆ ಬಾಕಿ ಐತೆ."

ಮುಂಗಾರು ಶುರುವಾಗುವ ಮೊದಲು ಕೆರೆ ಬಯಲಾಯಿತು. ಹೊಸ ನೀರು ಬಂದಾಗ ಸಂಘದವರು ಮತ್ತೆ ಮರಿ ಬಿಟ್ಟರು. ಅಂದು ಏರಿಯ ಮೇಲೆ ಬುದ್ಧನ ಪಟದ ಪಕ್ಕದಲ್ಲಿ ನಿಂಗಯ್ಯನ ಫೋಟೊ ಇಟ್ಟು ಹೂವು ಹಾಕಿದ್ದರು. ಬೋರೇಗೌಡರು ಬಂದಿರಲಿಲ್ಲ. ಕೆಲಸ ಮುಗಿಯಿತೆಂದು ಅವರು ಹಿಂದಿನ ದಿನವೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದರಂತೆ.

ನಾನು ಸೇವೆಯಲ್ಲಿದ್ದಷ್ಟು ಕಾಲ ಎಷ್ಟೋ ಕೆರೆಗಳ ಕಳೆ ತೆಗೆಸಿದ್ದೇನೆ. ಯಂತ್ರ ತಂದು ಒಂದು ಸಲ ಬಳಿದು ಫೋಟೊ ತೆಗೆಸಿಕೊಂಡು ಹೋದ ಕೆರೆಗಳೆಲ್ಲ ಮತ್ತೆ ಮುಚ್ಚಿಕೊಂಡಿವೆ. ಕೊಪ್ಪಲಿನ ಕೆರೆಯಲ್ಲಿ ಇಂದಿಗೂ ನೀರು ಕಾಣುತ್ತದೆ. ಅಲ್ಲಿ ಯಾವ ತಂತ್ರಜ್ಞಾನ ಬಳಸಿದಿರಿ ಎಂದು ಮೇಲಧಿಕಾರಿಗಳು ಕೇಳಿದಾಗ ಸಮುದಾಯದ ನಿಗಾ ಎಂದು ಬರೆದು ಕಳಿಸಿದೆ. ಬೇರೆ ಪದ ವರದಿಗೆ ಹೊಂದುತ್ತಿರಲಿಲ್ಲ. ಕಳೆಯನ್ನು ಗೆಲ್ಲಬೇಕಾದರೆ ಅದಕ್ಕಿಂತ ಹೆಚ್ಚು ಕಾಲ ಅದನ್ನು ದ್ವೇಷಿಸುವ ಒಬ್ಬರು ಆ ದಡದಲ್ಲೇ ಇರಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟೇ, ಕಲಿಸಿದವರು ಚಿಕ್ಕತಾಯಮ್ಮ.

ಮರಿ ಬಿಟ್ಟ ದಿನ ಅವರು ನನ್ನನ್ನು ಜೀಪಿನವರೆಗೂ ಕಳಿಸಿಕೊಡಲು ಬಂದರು. ಬಾಗಿಲು ಹಿಡಿದುಕೊಂಡು ಕೇಳಿದರು.

"ಮೇಡಮ್ಮೋರೆ, ಆ ಅಂತರಗಂಗೆ ಬೀಜ ಬುಡ್ತದಾ?"

"ಬಿಡುತ್ತೆ. ತಳದ ಕೆಸರಿನಲ್ಲಿ ಕೂತಿರುತ್ತೆ. ಬಿಸಿಲು ಬಿದ್ದರೆ ಮೊಳಕೆ ಬರುತ್ತೆ. ಅದಕ್ಕೇ ಪ್ರತಿ ಬೇಸಿಗೆ ಯಾರಾದರೂ ಇಳಿದು ನೋಡಿ ಕೀಳಬೇಕು."

"ಎಷ್ಟ್ ವರ್ಸ ಜೀವ ಇರ್ತದೆ ಆ ಬೀಜಕ್ಕೆ?"

"ಹದಿನೈದು, ಇಪ್ಪತ್ತು ವರ್ಷ ಅಂತಾರೆ."

ಚಿಕ್ಕತಾಯಮ್ಮ ಏರಿಯ ಆಚೆ, ಬೋರೇಗೌಡರ ಮನೆ ಕಾಣುವ ಕಡೆಗೆ ತಿರುಗಿದರು. ಅವರು ನಕ್ಕದ್ದನ್ನು ನಾನು ಅಂದು ಮೊದಲ ಸಲ ನೋಡಿದೆ.

"ಸಾಕು" ಎಂದರು.